ಮಲತಂದೆ ಚಕ್ರವರ್ತಿ, ಮಗ ಬಂಡುಕೋರ: ಡ್ಯೂಕ್ ಎರ್ನ್ಸ್ಟ್‌ಗೆ ಪಾಲು ಯಾಕೆ ಸಿಗಲಿಲ್ಲ?

ಒಬ್ಬ ರಾಜ ಪಕ್ಕದ ರಾಜನ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಆಮೇಲೆ ಮಕ್ಕಳಿಲ್ಲದೆ ಸಾಯುತ್ತಾನೆ. ಆ ಒಪ್ಪಂದದ ಹಕ್ಕು ಯಾರಿಗೆ ಸೇರಬೇಕು? ಅವನ ನೆಂಟರಿಗೋ, ಅವನ ಸಿಂಹಾಸನದಲ್ಲಿ ಬಂದು ಕೂತವನಿಗೋ?

ಇವತ್ತು ನಾವು ಇದನ್ನು ಯೋಚನೆಯನ್ನೇ ಮಾಡದೆ ಉತ್ತರಿಸುತ್ತೇವೆ. ಸರ್ಕಾರ ಬದಲಾದರೂ ಹಿಂದಿನವರು ಸಹಿ ಹಾಕಿದ ಒಪ್ಪಂದ, ತಂದ ಸಾಲ ಹೊಸ ಸರ್ಕಾರದ ತಲೆಗೆ ಬರುತ್ತದೆ. ಮಾಜಿ ಪ್ರಧಾನಿಯ ಮಗನಿಗೆ ಬರುವುದಿಲ್ಲ. ಆದರೆ ಈ ಉತ್ತರ ಸುಮ್ನೆ ಆಕಾಶದಿಂದ ಇಳಿದು ಬಂದದ್ದಲ್ಲ. ಸಾವಿರ ವರ್ಷದ ಹಿಂದೆ ಯುರೋಪಿನ ನಡುಭಾಗದಲ್ಲಿ ಇದೇ ವಿಷಯಕ್ಕೆ ಒಂದು ಮನೆಯೇ ಒಡೆಯಿತು. ಮಗ ಮೂರು ಸಲ ದಂಗೆ ಎದ್ದ. ಮಲತಂದೆ ಅವನನ್ನು ದೇಶದ ಶತ್ರು ಅಂತ ಸಾರಿದ. ಹೆತ್ತ ತಾಯಿ ಎಲ್ಲರೆದುರು ಮಗನ ಕೈಬಿಟ್ಟಳು.

ಆ ಮಗನ ಹೆಸರು ಎರ್ನ್ಸ್ಟ್. ಸ್ವಾಬಿಯಾದ ಡ್ಯೂಕ್, ಆ ಹೆಸರಿನಲ್ಲಿ ಎರಡನೆಯವನು. ಯುರೋಪಿನ ಇತಿಹಾಸ ಓದುವವರಲ್ಲೂ ಅವನನ್ನು ಬಲ್ಲವರು ಕಡಿಮೆ. ಅವನು ಯಾವ ದೊಡ್ಡ ಯುದ್ಧವನ್ನೂ ಗೆದ್ದಿಲ್ಲ, ಯಾವ ಊರನ್ನೂ ಕಟ್ಟಿಲ್ಲ. ಆದರೂ ಆಸ್ತಿ, ಅಧಿಕಾರ, ರಕ್ತಸಂಬಂಧ ಇವು ಮೂರೂ ಒಂದಕ್ಕೊಂದು ಸಿಕ್ಕಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಅವನ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಆ ಕಾಲದಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೆಂಡತಿ ಕಡೆಯಿಂದ ಬಂದ ಪಟ್ಟ

ಸ್ವಾಬಿಯಾ ಅಂದರೆ ಇಂದಿನ ಜರ್ಮನಿಯ ನೈಋತ್ಯ ಭಾಗ, ಜರ್ಮನ್ ಮಾತಾಡುವ ಸ್ವಿಟ್ಜರ್ಲೆಂಡಿನ ಬಹುಪಾಲು, ಫ್ರಾನ್ಸಿನ ಆಲ್ಸಾಸ್, ಇವೆಲ್ಲ ಸೇರಿದ ದೊಡ್ಡ ಸೀಮೆ. ಕಾನ್‌ಸ್ಟನ್ಸ್, ಜ್ಯೂರಿಕ್, ಉಲ್ಮ್ ಅದರ ಮುಖ್ಯ ಊರುಗಳು. ಅದರ ಡ್ಯೂಕ್ ಅಂದರೆ ರಾಜನ ಕೆಳಗಿನ ದೊಡ್ಡ ಸಾಮಂತ. ಯುದ್ಧ ಬಂದರೆ ಸೀಮೆಯ ಸೈನ್ಯವನ್ನು ಕರೆದುಕೊಂಡು ಹೋಗುವವನು. ನೇಮಿಸುವವನು ರಾಜ. ಆದರೆ ಸಾಮಾನ್ಯವಾಗಿ ಹಿಂದಿನ ಡ್ಯೂಕನ ಮನೆಯವರನ್ನೇ ನೇಮಿಸುತ್ತಿದ್ದರು. ಹಾಗಾಗಿ ಅದು ನೌಕರಿಯೋ ಪಿತ್ರಾರ್ಜಿತ ಆಸ್ತಿಯೋ ಅನ್ನುವುದು ಯಾವತ್ತೂ ಪೂರ್ತಿ ಇತ್ಯರ್ಥ ಆಗಿರಲಿಲ್ಲ. ಈ ಕಥೆಯ ಗಂಟು ಇರುವುದು ಇಲ್ಲೇ.

1012ರಲ್ಲಿ ಸ್ವಾಬಿಯಾದ ಡ್ಯೂಕ್ ಮೂರನೇ ಹೆರ್ಮನ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ, ಅಕ್ಕತಂಗಿಯರಿದ್ದರು. ಅವರಲ್ಲಿ ಗಿಸೆಲಾಳನ್ನು ಮದುವೆಯಾಗಿದ್ದವನು ಬಾಬೆನ್‌ಬೆರ್ಗ್ ಮನೆತನದ ಎರ್ನ್ಸ್ಟ್. ಅವನಿಗೆ ಡ್ಯೂಕ್ ಪಟ್ಟ ಸಿಕ್ಕಿತು. ಅಂದರೆ ಅಪ್ಪ ಎರ್ನ್ಸ್ಟ್‌ಗೆ ಸ್ವಾಬಿಯಾ ಬಂದದ್ದೇ ಹೆಂಡತಿಯ ಕಡೆಯಿಂದ.

ಮೂರೇ ವರ್ಷ. 1015ರ ಮೇ 31ರಂದು ಬೇಟೆಗೆ ಹೋದಾಗ ಜೊತೆಯವನೊಬ್ಬ ಜಿಂಕೆಗೆ ಬಿಟ್ಟ ಬಾಣ ಗುರಿ ತಪ್ಪಿ ಡ್ಯೂಕನಿಗೆ ನಾಟಿತು. ಆ ಕಾಲದಲ್ಲೇ ಬದುಕಿದ್ದ ಮೆರ್ಸೆಬುರ್ಗಿನ ಬಿಷಪ್ ಥೀಟ್ಮಾರ್ ಅವನ ಕೊನೆಯ ಗಳಿಗೆಯನ್ನು ಬರೆದಿಟ್ಟಿದ್ದಾನೆ. ಹತ್ತಿರದಲ್ಲಿ ಪಾದ್ರಿ ಇರಲಿಲ್ಲ. ಸಾಯುತ್ತಿದ್ದ ಡ್ಯೂಕ್ ತನ್ನ ಯೋಧರಲ್ಲೇ ಒಬ್ಬನನ್ನು ಕರೆದು, ಎಲ್ಲರಿಗೂ ಕೇಳುವಂತೆ ತನ್ನ ಪಾಪಗಳನ್ನು ಹೇಳಿಕೊಂಡ. ಬಾಣ ಬಿಟ್ಟವನನ್ನು ಕ್ಷಮಿಸಿದ. ಹೆಂಡತಿಗೆ ಒಂದು ಮಾತು ತಲುಪಿಸಿ ಅಂದ: ಅವಳು ತನ್ನ ಮಾನ ಕಾಪಾಡಿಕೊಳ್ಳಲಿ, ನನ್ನನ್ನು ಮರೆಯದಿರಲಿ.

ಚಿಕ್ಕ ಮಗ ಎರ್ನ್ಸ್ಟ್ ಡ್ಯೂಕ್ ಆದ. ಹುಡುಗ ಮೈನರ್. ಆಡಳಿತ ತಾಯಿಯ ಕೈಯಲ್ಲಿತ್ತು. ಸ್ವಲ್ಪ ದಿನಕ್ಕೇ ಗಿಸೆಲಾ ಮತ್ತೆ ಮದುವೆಯಾದಳು. ಗಂಡ, ರೈನ್ ನದಿ ಕಡೆಯ ಕಾನ್ರಾಡ್. ಒಳ್ಳೆ ವಂಶ, ಆದರೆ ಹೇಳಿಕೊಳ್ಳುವಂಥ ಪದವಿ ಇಲ್ಲ. ಗಂಡ ಹೆಂಡತಿ ಇಬ್ಬರೂ ಹಳೆಯ ರಾಜ ಮೊದಲನೇ ಹೆನ್ರಿಯ ವಂಶದವರು. ಚರ್ಚಿನ ಲೆಕ್ಕದಲ್ಲಿ ಮದುವೆ ಆಗಬಾರದಷ್ಟು ಹತ್ತಿರದ ಸಂಬಂಧ. ಚಕ್ರವರ್ತಿ ಎರಡನೇ ಹೆನ್ರಿಗೆ ಈ ಮದುವೆ ಹಿಡಿಸಲಿಲ್ಲ. ಹುಡುಗನ ಪೋಷಕತ್ವವನ್ನು ತಾಯಿಯಿಂದ ಕಿತ್ತು ಅವನ ಚಿಕ್ಕಪ್ಪ, ಟ್ರಿಯರ್ ನಗರದ ಆರ್ಚ್‌ಬಿಷಪ್ ಪೋಪ್ಪೋಗೆ ಕೊಟ್ಟ. ತಾಯಿ ಒಂದು ಕಡೆ, ಪಟ್ಟ ಇನ್ನೊಂದು ಕಡೆ. ಎರ್ನ್ಸ್ಟ್ ಬೆಳೆದದ್ದು ಹೀಗೆ.

ಹುಡುಗನ ವಯಸ್ಸಿನ ಬಗ್ಗೆ ಇಲ್ಲೇ ಒಂದು ಮಾತು ಹೇಳಬೇಕು, ಯಾಕೆಂದರೆ ಮುಂದಿನದನ್ನು ಹೇಗೆ ಓದಬೇಕು ಅನ್ನುವುದು ಅದರ ಮೇಲೆ ನಿಂತಿದೆ. 1900ರಲ್ಲಿ ಸ್ಪೈಯರ್ ಕೆಥೆಡ್ರಲ್‌ನಲ್ಲಿ ಗಿಸೆಲಾಳ ಸಮಾಧಿ ತೆರೆದಾಗ ಒಳಗೆ ಒಂದು ಸೀಸದ ಫಲಕ ಸಿಕ್ಕಿತು. ಅವಳು ಹುಟ್ಟಿದ್ದು 999ರ ನವೆಂಬರ್ 11ರಂದು ಅಂತ ಅದರಲ್ಲಿ ಕೆತ್ತಿದೆ. ಇದನ್ನು ನಂಬಿದರೆ ಎರ್ನ್ಸ್ಟ್ ಮೊದಲ ಸಲ ದಂಗೆ ಎದ್ದಾಗ ಅವನಿಗೆ ಹೆಚ್ಚೆಂದರೆ ಹನ್ನೆರಡು ವರ್ಷ! ಹಾಗಿದ್ದರೆ ಅದು ಅವನ ದಂಗೆಯೇ ಅಲ್ಲ, ಅವನ ಹೆಸರಿನಲ್ಲಿ ದೊಡ್ಡವರು ಮಾಡಿಸಿದ ದಂಗೆ. ಆದರೆ ಫಲಕದ ತಾರೀಖನ್ನು ಹಲವು ಇತಿಹಾಸಕಾರರು ಒಪ್ಪುವುದಿಲ್ಲ. ಕಾರಣ ಸರಳ. ಎರ್ನ್ಸ್ಟನ ಅಪ್ಪನಿಗಿಂತ ಮುಂಚೆ ಗಿಸೆಲಾ ಬ್ರೂನ್ ಎಂಬುವನನ್ನು ಮದುವೆಯಾಗಿದ್ದಳು, ಆ ಮದುವೆಯಿಂದ ಲಿಯುಡಾಲ್ಫ್ ಅನ್ನುವ ಮಗನೂ ಇದ್ದ. 999ರ ಲೆಕ್ಕದಲ್ಲಿ ಇದೆಲ್ಲ ಹಿಡಿಸುವುದಿಲ್ಲ. ಅವಳು ಒಂದಷ್ಟು ವರ್ಷ ಮುಂಚೆಯೇ ಹುಟ್ಟಿರಬೇಕು ಅನ್ನುವ ವಾದವೇ ನನಗೂ ಸರಿ ಅನಿಸುತ್ತದೆ. ಏನೇ ಆದರೂ ಎರ್ನ್ಸ್ಟ್ ಹದಿಹರೆಯದ ಹುಡುಗ. ಸತ್ತಾಗಲೂ ಇಪ್ಪತ್ತರ ಆಸುಪಾಸು, ಅಷ್ಟೆ.

ಮಕ್ಕಳಿಲ್ಲದ ರಾಜ, ಸಾಲುಗಟ್ಟಿದ ವಾರಸುದಾರರು

ಸ್ವಾಬಿಯಾದ ಪಕ್ಕಕ್ಕೇ ಬರ್ಗಂಡಿ ರಾಜ್ಯ. ಇಂದಿನ ಫ್ರಾನ್ಸಿನ ವೈನಿಗೆ ಹೆಸರಾದ ಬರ್ಗಂಡಿ ಅಲ್ಲ. ಇದು ಬಾಸೆಲ್‌ನಿಂದ ಜಿನೀವಾ ಸರೋವರ ದಾಟಿ, ರೋನ್ ನದಿಯ ಗುಂಟ ಮೆಡಿಟರೇನಿಯನ್ ಸಮುದ್ರದವರೆಗೆ ಚಾಚಿದ್ದ ಬೇರೆಯೇ ರಾಜ್ಯ. ಆಲ್ಪ್ಸ್ ಪರ್ವತದ ಪಶ್ಚಿಮದ ಕಣಿವೆ ದಾರಿಗಳು ಅದರ ಕೈಯಲ್ಲಿದ್ದವು. ಜರ್ಮನಿಯಿಂದ ಇಟಲಿಗೆ ಸೈನ್ಯ ಒಯ್ಯುವ ಚಕ್ರವರ್ತಿಗೆ ಆ ದಾರಿಗಳು ತನ್ನವರ ಹಿಡಿತದಲ್ಲಿದ್ದರೆ ನಿದ್ದೆ ಬರುತ್ತಿತ್ತು.

ಅದರ ರಾಜ ಮೂರನೇ ರುಡಾಲ್ಫ್. 993ರಿಂದ ಆಳುತ್ತಿದ್ದ. ಬಡ ರಾಜ, ಹಿಡಿತವೂ ಸಡಿಲ. ಕಿರೀಟ ಮತ್ತು ಹೆಸರು ಮಾತ್ರ ಇವನದು, ನಡೆಯುವುದು ಅಲ್ಲಿನ ದೊಡ್ಡ ಮನೆತನಗಳ ಮಾತು ಅಂತ ಅದೇ ಥೀಟ್ಮಾರ್ ಬರೆಯುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ರುಡಾಲ್ಫನಿಗೆ ಪಟ್ಟಕ್ಕೆ ಬರುವ ಮಕ್ಕಳಿರಲಿಲ್ಲ. ಒಡಹುಟ್ಟಿದ ಹೆಣ್ಣುಮಕ್ಕಳಿದ್ದರು, ಅವರ ಮಕ್ಕಳು ಮೊಮ್ಮಕ್ಕಳು ಬೇಕಾದಷ್ಟಿದ್ದರು.

ಪೌತಿ ಖಾತೆ ಮಾಡಿಸಲು ವಂಶವೃಕ್ಷ ಬರೆಸಿದವರಿಗೆ ಇಲ್ಲಿಂದ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ರುಡಾಲ್ಫನ ಮಲಅಕ್ಕ ಒಬ್ಬಳ ಮಗ ಚಕ್ರವರ್ತಿ ಎರಡನೇ ಹೆನ್ರಿ. ಇನ್ನೊಬ್ಬ ಸೋದರಿ ಬೆರ್ತಾಳ ಮಗ ಓಡೋ, ಫ್ರಾನ್ಸಿನ ಬ್ಲ್ವಾ ಸೀಮೆಯ ಕೌಂಟ್ (ಡ್ಯೂಕ್‌ಗಿಂತ ಕೆಳಗಿನ ದರ್ಜೆಯ ಸಾಮಂತ). ಮತ್ತೊಬ್ಬ ಸೋದರಿ ಗೆರ್ಬೆರ್ಗಾಳ ಮಕ್ಕಳು ನಮ್ಮ ಗಿಸೆಲಾ ಮತ್ತು ಅವಳ ಅಕ್ಕ ಅಥವಾ ತಂಗಿ ಮಟಿಲ್ಡಾ. ಗಿಸೆಲಾಳ ಮಗ ಎರ್ನ್ಸ್ಟ್. ಮಟಿಲ್ಡಾಳ ಮಗ ಕಿರಿಯ ಕಾನ್ರಾಡ್, ಅಂದರೆ ಗಿಸೆಲಾಳ ಗಂಡ ಕಾನ್ರಾಡನ ದಾಯಾದಿ. ಈ ಪಟ್ಟಿಯಲ್ಲಿ ಯಾರ ಹೆಸರಿಲ್ಲ ನೋಡಿ. ಎರ್ನ್ಸ್ಟನ ಮಲತಂದೆ ಕಾನ್ರಾಡನ ಹೆಸರು. ಅವನಲ್ಲಿ ಬರ್ಗಂಡಿಯ ರಕ್ತ ಒಂದು ಹನಿಯೂ ಇರಲಿಲ್ಲ.

ಎರಡನೇ ಹೆನ್ರಿ ಬರೀ ರಕ್ತವನ್ನು ನಂಬಿ ಕೂರಲಿಲ್ಲ. 1006ರಲ್ಲಿ ಬಾಸೆಲ್ ನಗರವನ್ನು ಮುಂಗಡವಾಗಿ ಹಿಡಿದುಕೊಂಡ. 1016ರಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ, 1018ರಲ್ಲಿ ಮೈನ್ಸ್‌ನಲ್ಲಿ ಸೋದರಮಾವನ ಜೊತೆ ಒಪ್ಪಂದ ಮಾಡಿಕೊಂಡ. ನಿನ್ನ ನಂತರ ರಾಜ್ಯ ನನಗೆ. ಆದರೆ 1024ರ ಜುಲೈನಲ್ಲಿ ಮಾವನಿಗಿಂತ ಮುಂಚೆ ಅಳಿಯನೇ ತೀರಿಕೊಂಡ, ಅದೂ ಮಕ್ಕಳಿಲ್ಲದೆ. ರುಡಾಲ್ಫ್ ತಕ್ಷಣ ಹೇಳಿದ: ಒಪ್ಪಂದ ಇದ್ದದ್ದು ನನಗೂ ಹೆನ್ರಿಗೂ, ಹೆನ್ರಿ ಹೋದ, ಒಪ್ಪಂದವೂ ಹೋಯಿತು.

ಹಡಗಿನ ಮಾತು

1024ರ ಸೆಪ್ಟೆಂಬರ್ 4ರಂದು ರೈನ್ ನದಿಯ ದಡದ ಕಾಂಬಾದಲ್ಲಿ ಜರ್ಮನಿಯ ದೊಡ್ಡವರೆಲ್ಲ ಸೇರಿ ಹೊಸ ರಾಜನನ್ನು ಆರಿಸಿದರು. ಕಣದಲ್ಲಿದ್ದದ್ದು ಇಬ್ಬರೂ ಕಾನ್ರಾಡರೇ, ಹಿರಿಯ ಮತ್ತು ಕಿರಿಯ. ಗೆದ್ದವನು ಹಿರಿಯ. ಗಿಸೆಲಾ ರಾಣಿಯಾದಳು. ಎರ್ನ್ಸ್ಟ್ ರಾತ್ರೋರಾತ್ರಿ ರಾಜನ ಮಲಮಗನಾದ.

ಇದರಿಂದ ಹುಡುಗನಿಗೆ ಒಳ್ಳೆಯದಾಗಬೇಕಿತ್ತು ಅಲ್ವಾ? ಆದದ್ದು ಉಲ್ಟಾ. ಕಾನ್ರಾಡ್ ಬರ್ಗಂಡಿಯನ್ನು ತನಗೇ ಕೇಳಿದ. ಹೆಂಡತಿಯ ಹೆಸರಿನಲ್ಲಾಗಲಿ ಮಲಮಗನ ಹೆಸರಿನಲ್ಲಾಗಲಿ ಕೇಳಲಿಲ್ಲ. ಹೆನ್ರಿಯ ನಂತರ ರಾಜನಾದವನು ನಾನು, ಹೆನ್ರಿ ಮಾಡಿದ ಒಪ್ಪಂದ ರಾಜ್ಯದ್ದು, ಆದ್ದರಿಂದ ಅದು ನನ್ನದು ಅನ್ನುವುದು ಅವನ ವಾದ.

ಈ ಯೋಚನೆ ಎಷ್ಟು ಆಳದ್ದು ಅಂತ ತಿಳಿಯಲು 1025ರ ಒಂದು ಪ್ರಸಂಗ ನೋಡಬೇಕು. ಹೆನ್ರಿ ಸತ್ತ ಸುದ್ದಿ ಬಂದ ಕೂಡಲೇ ಇಟಲಿಯ ಪಾವಿಯಾ ನಗರದವರು ಅಲ್ಲಿದ್ದ ರಾಜನ ಅರಮನೆಯನ್ನು ಕೆಡವಿಹಾಕಿದ್ದರು. ಅವರ ದೂತರು ಕಾನ್‌ಸ್ಟನ್ಸ್‌ಗೆ ಬಂದು ಹೊಸ ರಾಜನ ಮುಂದೆ ನಿಂತರು. ನಾವು ಯಾರಿಗೆ ದ್ರೋಹ ಮಾಡಿದೆವು ಅಂತ ಕೇಳಿದರು. ರಾಜ ಬದುಕಿರುವ ತನಕ ನಿಷ್ಠೆಯಿಂದ ಇದ್ದೆವು. ಅವನು ಸತ್ತ ಮೇಲೆ ರಾಜನೇ ಇರಲಿಲ್ಲ, ಇಲ್ಲದ ರಾಜನ ಮನೆ ಕೆಡವಿದ್ದು ಹೇಗೆ ತಪ್ಪಾಗುತ್ತದೆ?

ಕಾನ್ರಾಡ್ ಕೊಟ್ಟ ಉತ್ತರವನ್ನು ಅವನ ಚರಿತ್ರೆ ಬರೆದ ಪಾದ್ರಿ ವಿಪೋ ದಾಖಲಿಸಿದ್ದಾನೆ. ನೀವು ರಾಜನ ಮನೆ ಕೆಡವಲಿಲ್ಲ, ಒಪ್ಪುತ್ತೇನೆ. ಆದರೆ ರಾಜ್ಯದ ಮನೆ ಕೆಡವಿದಿರಿ. ರಾಜ ಸತ್ತರೂ ರಾಜ್ಯ ಉಳಿಯುತ್ತದೆ, ಚುಕ್ಕಾಣಿ ಹಿಡಿದವನು ಬಿದ್ದರೂ ಹಡಗು ಉಳಿಯುವ ಹಾಗೆ.

ಈ ಒಂದು ಮಾತನ್ನು ಇವತ್ತಿಗೂ ರಾಜ್ಯಶಾಸ್ತ್ರದ ಪಾಠಗಳಲ್ಲಿ ಉಲ್ಲೇಖಿಸುತ್ತಾರೆ. ಆದರೆ ಅದನ್ನು ಆಡಿದ ಜಾಗ ಎರ್ನ್ಸ್ಟನ ಸೀಮೆಯೊಳಗಿನ ಊರು ಅನ್ನುವುದನ್ನು ಯಾರೂ ಜಾಸ್ತಿ ಗಮನಿಸುವುದಿಲ್ಲ. ಪಾವಿಯಾದವರಿಗೆ ಹೇಳಿದ ಆ ಮಾತು ಎರ್ನ್ಸ್ಟನ ಬರ್ಗಂಡಿ ಆಸೆಗೂ ಉತ್ತರವಾಗಿತ್ತು. ರಾಜ್ಯ ಮನೆಯವರ ಆಸ್ತಿಯಲ್ಲ ಅಂದ ಮೇಲೆ ತಾಯಿಯ ಕಡೆಯ ರಕ್ತ ತೋರಿಸಿ ಪಾಲು ಕೇಳುವವನಿಗೆ ಏನು ಉಳಿಯಿತು?

ಅದೇ ವರ್ಷ ಕಾನ್ರಾಡ್ ಬಾಸೆಲ್‌ಗೆ ಹೋಗಿ ತನ್ನವನನ್ನು ಬಿಷಪ್ ಮಾಡಿದ. ಎರ್ನ್ಸ್ಟ್ ದಂಗೆ ಎದ್ದ. ಅವನ ಜೊತೆ ನಿಂತವರಲ್ಲಿ ಕಿರಿಯ ಕಾನ್ರಾಡ್ ಇದ್ದ, ಆ ಕಾನ್ರಾಡನ ತಾಯಿ ಮಟಿಲ್ಡಾಳನ್ನು ಮದುವೆಯಾಗಿದ್ದ ಲೊರೇನಿನ ಡ್ಯೂಕ್ ಫ್ರೆಡ್ರಿಕ್ ಇದ್ದ. ಹೆಸರುಗಳನ್ನು ವಂಶವೃಕ್ಷದ ಮೇಲಿಟ್ಟು ನೋಡಿದರೆ ಇದು ಬರ್ಗಂಡಿಯ ವಾರಸುದಾರರ ಕೂಟ ಅಂತ ಗೊತ್ತಾಗುತ್ತದೆ. ಸ್ವಾಬಿಯಾದ ಕೌಂಟ್ ವೆಲ್ಫ್ ಒಬ್ಬನಿಗೆ ಮಾತ್ರ ಬೇರೆ ಕಾರಣವಿತ್ತು. ಔಗ್ಸ್‌ಬುರ್ಗಿನ ಬಿಷಪ್ ಜೊತೆ ಅವನದು ಸ್ವಂತ ಜಗಳ.

1026ರ ಆರಂಭದಲ್ಲಿ ಎರ್ನ್ಸ್ಟ್ ಔಗ್ಸ್‌ಬುರ್ಗ್‌ನಲ್ಲಿ ಶರಣಾದ. ಅವನ ಪರವಾಗಿ ಬೇಡಿಕೊಂಡವರು ತಾಯಿ ಗಿಸೆಲಾ ಮತ್ತು ಎಂಟು ವರ್ಷದ ಮಲತಮ್ಮ ಹೆನ್ರಿ. ಕಾನ್ರಾಡ್ ಕ್ಷಮಿಸಿದ, ಇಟಲಿಗೆ ಜೊತೆಯಲ್ಲಿ ಕರೆದುಕೊಂಡು ಹೋದ. ಕೆಂಪ್ಟನ್ ಮಠದ ಆದಾಯವನ್ನು ಉಂಬಳಿಯಾಗಿ ಕೊಟ್ಟು, ಸೀಮೆಯನ್ನು ನೋಡಿಕೋ ಅಂತ ಊರಿಗೆ ವಾಪಸ್ ಕಳಿಸಿದ.

ಹುಡುಗ ಊರಿಗೆ ಬಂದವನೇ ಮತ್ತೆ ಕತ್ತಿ ಹಿಡಿದ. ಆಲ್ಸಾಸ್‌ನಲ್ಲಿ ಚಕ್ರವರ್ತಿಯ ನೆಂಟ ಹ್ಯೂಗೋನ ಕೋಟೆಗಳನ್ನು ಕೆಡವಿದ. ಬರ್ಗಂಡಿಗೆ ನುಗ್ಗಿ ಸೊಲೊಥುರ್ನ್ ಹತ್ತಿರ ನದಿಯ ನಡುಗಡ್ಡೆಯಲ್ಲಿ ಕೋಟೆ ಕಟ್ಟಲು ಶುರುಮಾಡಿದ. ಅದನ್ನು ತಡೆದದ್ದು ಸ್ವತಃ ರುಡಾಲ್ಫ್. ಯಾವ ಮುದುಕನ ರಾಜ್ಯಕ್ಕೆ ತಾನು ವಾರಸುದಾರ ಅಂತ ಎರ್ನ್ಸ್ಟ್ ಹೇಳುತ್ತಿದ್ದನೋ ಆ ಮುದುಕನಿಗೇ ಅವನು ಬೇಡವಾಗಿದ್ದ. ಮುಂದೆ ಜ್ಯೂರಿಕ್ ಮೇಲ್ಭಾಗದಲ್ಲಿ ಕೋಟೆ ಹಿಡಿದು, ರೈಖೆನಾವ್ ಮತ್ತು ಸೇಂಟ್ ಗಾಲ್ ಮಠಗಳ ಆಸ್ತಿಗೆ ಕೈ ಹಾಕಿದ.

1027ರ ಮಾರ್ಚ್ 26ರಂದು ರೋಮ್‌ನಲ್ಲಿ ಕಾನ್ರಾಡನಿಗೆ ಚಕ್ರವರ್ತಿ ಪಟ್ಟ ಕಟ್ಟಿದಾಗ ರುಡಾಲ್ಫ್ ಅಲ್ಲಿ ಹಾಜರಿದ್ದ. ಆ ಬೇಸಿಗೆಯಲ್ಲೇ ಬಾಸೆಲ್ ಹತ್ತಿರ ಇಬ್ಬರಿಗೂ ಒಪ್ಪಂದವಾಯಿತು. ನಡುವೆ ನಿಂತು ಅದನ್ನು ಕುದುರಿಸಿದವಳು ರುಡಾಲ್ಫನ ಸೋದರ ಸೊಸೆ ಗಿಸೆಲಾ. ತನ್ನ ತವರಿನ ಹಕ್ಕನ್ನು ಗಂಡನಿಗೆ ಕೊಡಿಸಲು ಅವಳೇ ಮುಂದೆ ನಿಂತಳು ಅಂದರೆ, ಮಗ ಎರ್ನ್ಸ್ಟನ ದಾರಿ ಅವತ್ತೇ ಮುಚ್ಚಿತು.

ಉಲ್ಮ್‌ನಲ್ಲಿ ಏನಾಯಿತು

ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ತಿರುವು 1027ರ ಜುಲೈನಲ್ಲಿ ಉಲ್ಮ್‌ನಲ್ಲಿ ಸೇರಿದ ಸಭೆ. ಅಲ್ಲಿ ಕತ್ತಿ ಹೊರಗೆ ಬರಲಿಲ್ಲ. ಬರೀ ಮಾತು ನಡೆಯಿತು.

ಎರ್ನ್ಸ್ಟ್ ಅಲ್ಲಿಗೆ ಕ್ಷಮೆ ಕೇಳಲು ಬರಲಿಲ್ಲ. ತನ್ನ ಸಾಮಂತರ ದೊಡ್ಡ ದಂಡು ಕಟ್ಟಿಕೊಂಡು ಬಂದ. ಸರಿಬಂದರೆ ರಾಜಿ, ಇಲ್ಲವಾದರೆ ದಂಡಿನ ಬಲದಿಂದ ವಾಪಸ್ ಹೋಗುವುದು ಅಂತ ಲೆಕ್ಕ. ತನ್ನವರನ್ನು ಕರೆದು ಮಾತಾಡಿದ. ನನಗೆ ಕೊಟ್ಟ ಆಣೆ ನೆನಪಿದೆಯಾ? ನಮ್ಮ ಸೀಮೆಯವರು ಕೊಟ್ಟ ಮಾತಿಗೆ ತಪ್ಪದವರು ಅಂತ ಹಿರಿಯರ ಕಾಲದಿಂದ ಹೆಸರಿದೆ. ಆ ಹೆಸರು ಕೆಡಿಸಬೇಡಿ. ನನ್ನ ಜೊತೆ ನಿಂತರೆ ನಿಮಗೆ ಫಲ, ನಿಮ್ಮ ಮಕ್ಕಳಿಗೆ ಕೀರ್ತಿ.

ಎಲ್ಲರ ಪರವಾಗಿ ಫ್ರೆಡ್ರಿಕ್ ಮತ್ತು ಆನ್ಸೆಲ್ಮ್ ಅನ್ನುವ ಇಬ್ಬರು ಕೌಂಟ್‌ಗಳು ಉತ್ತರ ಕೊಟ್ಟರು. ನಿಮಗೆ ಆಣೆ ಕೊಟ್ಟದ್ದು ನಿಜ. ಎಲ್ಲರ ವಿರುದ್ಧವೂ ನಿಮ್ಮ ಜೊತೆ ನಿಲ್ಲುತ್ತೇವೆ, ನಮ್ಮನ್ನು ನಿಮ್ಮ ಕೈಗೆ ಒಪ್ಪಿಸಿದವನೊಬ್ಬನನ್ನು ಬಿಟ್ಟು. ನಾವು ರಾಜನ ಜೀತದಾಳುಗಳಾಗಿದ್ದು, ಅವನು ನಮ್ಮನ್ನು ನಿಮಗೆ ಕೊಟ್ಟುಬಿಟ್ಟಿದ್ದರೆ, ನಿಮ್ಮನ್ನು ಬಿಡುವ ಹಾಗಿರಲಿಲ್ಲ. ಆದರೆ ನಾವು ಸ್ವತಂತ್ರರು. ಈ ಭೂಮಿಯ ಮೇಲೆ ನಮ್ಮ ಸ್ವಾತಂತ್ರ್ಯ ಕಾಯುವವನು ರಾಜ. ಅವನನ್ನು ಬಿಟ್ಟ ದಿನ ನಮ್ಮ ಸ್ವಾತಂತ್ರ್ಯ ಹೋಯಿತು. ಒಳ್ಳೆಯ ಮನುಷ್ಯ ಅದನ್ನು ಪ್ರಾಣದ ಜೊತೆಗೇ ಬಿಡುತ್ತಾನೆ.

ಈ ಉತ್ತರವನ್ನು ವಿಪೋ ತಿದ್ದಿ ತೀಡಿ ಬರೆದಿರಬಹುದು. ಅವನು ಕಾನ್ರಾಡನ ಆಸ್ಥಾನದ ಪಾದ್ರಿ, ಪುಸ್ತಕ ಅರ್ಪಿಸಿದ್ದು ಕಾನ್ರಾಡನ ಮಗನಿಗೆ. ಅಷ್ಟಾದರೂ ಒಳಗಿನ ಸಂಗತಿ ಗಟ್ಟಿಯಾಗಿದೆ, ಯಾಕೆಂದರೆ ಸಾಮಂತರು ನಿಜವಾಗಿಯೂ ಡ್ಯೂಕನನ್ನು ಬಿಟ್ಟು ಹೋದರು.

ಯಾಕೆ ಬಿಟ್ಟರು? ವಿಪೋ ಬೇರೆ ಕಡೆ ಬರೆದ ಒಂದು ಸಾಲಿನಲ್ಲಿ ಕಾರಣ ಸಿಗುತ್ತದೆ. ಕಾನ್ರಾಡ್ ಸಣ್ಣ ಸಾಮಂತರ ಮನಸ್ಸು ಗೆದ್ದಿದ್ದ, ಯಾಕೆಂದರೆ ಅಪ್ಪ ಅಜ್ಜಂದಿರ ಕಾಲದಿಂದ ಬಂದ ಉಂಬಳಿಯನ್ನು ಮಕ್ಕಳಿಂದ ಕಿತ್ತುಕೊಳ್ಳಲು ಅವನು ಯಾರಿಗೂ ಬಿಡುತ್ತಿರಲಿಲ್ಲ. ಈಗ ಆ ಸಾಮಂತರ ಜಾಗದಲ್ಲಿ ನಿಂತು ನೋಡಿ. ನಿಮಗೊಂದು ಹಳ್ಳಿ, ಒಂದಷ್ಟು ಹೊಲ, ಒಂದು ಗಿರಣಿ ಇದೆ. ನೀವು ಸತ್ತ ಮೇಲೆ ಅದು ಮಗನಿಗೆ ಹೋಗುತ್ತದೋ ಇಲ್ಲವೋ ಅನ್ನುವುದೇ ನಿಮ್ಮ ಬದುಕಿನ ದೊಡ್ಡ ಚಿಂತೆ. ಅದನ್ನು ಕಿತ್ತು ಬೇರೆಯವನಿಗೆ ಕೊಡುವ ಶಕ್ತಿ ಇರುವವನು ನಿಮ್ಮ ಮೇಲಿನ ಡ್ಯೂಕ್. ಕಿತ್ತುಕೊಳ್ಳದಂತೆ ತಡೆಯುವವನು ಡ್ಯೂಕನ ಮೇಲಿನ ರಾಜ. ಇಬ್ಬರಿಗೂ ಜಗಳ ಬಿದ್ದರೆ ನೀವು ಯಾರ ಕಡೆ ಹೋಗುತ್ತೀರಿ?

ಎರ್ನ್ಸ್ಟ್ ತನ್ನ ಪಿತ್ರಾರ್ಜಿತಕ್ಕಾಗಿ ಹೋರಾಡುತ್ತಿದ್ದ. ಅವನ ಕೆಳಗಿನವರಿಗೂ ಅವರವರ ಪಿತ್ರಾರ್ಜಿತ ಇತ್ತು. ಅದಕ್ಕೆ ಗ್ಯಾರಂಟಿ ಕೊಟ್ಟವನು ಕಾನ್ರಾಡ್, ಎರ್ನ್ಸ್ಟ್ ಕೊಡಲಿಲ್ಲ. ಕೊಡಬೇಕು ಅಂತ ಆ ಹುಡುಗನಿಗೆ ಹೊಳೆದ ಹಾಗೂ ಕಾಣುವುದಿಲ್ಲ. ಅವನ ಸೋಲನ್ನು ಮಲತಂದೆಯ ಕ್ರೌರ್ಯ ಅಂತಲೋ ತಾಯಿಯ ಪಕ್ಷಪಾತ ಅಂತಲೋ ಹೇಳುವವರು ಉಲ್ಮ್‌ನ ಆ ಇಬ್ಬರು ಕೌಂಟ್‌ಗಳನ್ನು ಮರೆತುಬಿಡುತ್ತಾರೆ.

ಎರ್ನ್ಸ್ಟ್ ಯಾವ ಷರತ್ತೂ ಇಲ್ಲದೆ ಶರಣಾದ. ಅವನನ್ನು ದೂರದ ಸ್ಯಾಕ್ಸನಿಯಲ್ಲಿ, ಹಾಲೆ ಊರಿನ ಹತ್ತಿರ ಬಂಡೆಯ ಮೇಲಿದ್ದ ಗೀಬಿಕೆನ್‌ಸ್ಟೈನ್ ಕೋಟೆಯಲ್ಲಿ ಕೂಡಿಹಾಕಿದರು. ಕಿರಿಯ ಕಾನ್ರಾಡ್, ವೆಲ್ಫ್ ಇಬ್ಬರೂ ಬಗ್ಗಿದರು. ಬಗ್ಗದೆ ಉಳಿದವನು ಒಬ್ಬನೇ, ಎರ್ನ್ಸ್ಟನ ಸಾಮಂತ, ಕೀಬುರ್ಗ್‌ನ ಕೌಂಟ್ ವೆರ್ನರ್. ಚಕ್ರವರ್ತಿ ಕೀಬುರ್ಗ್ ಕೋಟೆಯನ್ನು ಮೂರು ತಿಂಗಳು ಮುತ್ತಿಗೆ ಹಾಕಿದ. ಕೋಟೆ ಬಿತ್ತು, ವೆರ್ನರ್ ತಪ್ಪಿಸಿಕೊಂಡ.

ಗೆಳೆಯನೋ, ಸೀಮೆಯೋ

1028ರಲ್ಲಿ ಎರ್ನ್ಸ್ಟ್‌ಗೆ ಬಿಡುಗಡೆಯಾಯಿತು. 1030ರ ಮಾರ್ಚ್ ಕೊನೆಯಲ್ಲಿ, ಈಸ್ಟರ್ ಹಬ್ಬಕ್ಕೆ ಇಂಗೆಲ್‌ಹೈಮ್ ಅರಮನೆಯಲ್ಲಿ ಚಕ್ರವರ್ತಿ ಅವನ ಮುಂದೆ ಒಂದು ಷರತ್ತಿಟ್ಟ. ಸ್ವಾಬಿಯಾ ನಿನಗೇ. ಆದರೆ ವೆರ್ನರ್ ರಾಜ್ಯದ ಶತ್ರು, ನಿನ್ನ ಎಲ್ಲ ಬಲ ಹಾಕಿ ಅವನನ್ನು ಬೇಟೆಯಾಡುತ್ತೇನೆ ಅಂತ ಪ್ರಮಾಣ ಮಾಡು.

ಎರ್ನ್ಸ್ಟ್ ಒಪ್ಪಲಿಲ್ಲ.

ಇದನ್ನು ಗೆಳೆತನದ ಕಥೆಯಾಗಿ ಜರ್ಮನಿಯಲ್ಲಿ ನೂರಾರು ವರ್ಷ ಹೇಳಿಕೊಂಡು ಬಂದಿದ್ದಾರೆ. ಗೆಳೆತನ ಇದ್ದದ್ದು ಹೌದು. ಅದನ್ನು ಕೇಳುವಾಗ ನನಗೂ ಮನಸ್ಸು ಕರಗುತ್ತದೆ. ಆದರೆ ಇದರಲ್ಲಿ ರಾಜಕೀಯದ ಲೆಕ್ಕವೂ ಇದೆ. ಉಲ್ಮ್‌ನಲ್ಲಿ ಎಲ್ಲರೂ ಬಿಟ್ಟು ಹೋದಾಗ ಜೊತೆಗುಳಿದವನು ವೆರ್ನರ್. ಅವನನ್ನೇ ಹಿಡಿದುಕೊಟ್ಟ ಡ್ಯೂಕನ ಮಾತನ್ನು ಆಮೇಲೆ ಯಾವ ಸಾಮಂತ ನಂಬುತ್ತಾನೆ? ಪ್ರಮಾಣ ಮಾಡಿದ್ದರೆ ಎರ್ನ್ಸ್ಟ್‌ಗೆ ಸೀಮೆ ಸಿಗುತ್ತಿತ್ತು, ಒಡೆತನ ಸಿಗುತ್ತಿರಲಿಲ್ಲ. ಚಕ್ರವರ್ತಿ ಇದನ್ನು ತಿಳಿದೇ ಆ ಷರತ್ತು ಇಟ್ಟಿರಬೇಕು ಅಂತ ನನ್ನ ಅನಿಸಿಕೆ.

ಅಲ್ಲಿಗೆ ಮುಗಿಯಿತು. ಎರ್ನ್ಸ್ಟ್ ರಾಜ್ಯದ ಶತ್ರು ಅಂತ ತೀರ್ಪಾಯಿತು. ಬಿಷಪ್‌ಗಳು ಅವನನ್ನು ಧರ್ಮದಿಂದ ಹೊರಹಾಕಿದರು. ಆಸ್ತಿ ಮುಟ್ಟುಗೋಲಾಯಿತು. ಸ್ವಾಬಿಯಾವನ್ನು ಅವನ ಸ್ವಂತ ತಮ್ಮ ಹೆರ್ಮನ್‌ಗೆ ಕೊಟ್ಟರು. ಈ ಮಗನಿಗೆ ಏನೇ ಆದರೂ ಸೇಡು ತೀರಿಸಿಕೊಳ್ಳುವುದಿಲ್ಲ ಅಂತ ಗಿಸೆಲಾ ಎಲ್ಲರ ಮುಂದೆ ಮಾತು ಕೊಟ್ಟಳು. ಅವಳು ದಾರಿ ತಪ್ಪಿದ ಮಗನಿಗಿಂತ ವಿವೇಕಿ ಗಂಡನನ್ನು ಮೇಲಿಟ್ಟಳು ಅಂತ ವಿಪೋ ಬರೆಯುತ್ತಾನೆ. ಹೇಳಲು ಸಂಕಟ, ಆದರೆ ಮೆಚ್ಚಬೇಕಾದದ್ದು ಅಂತ ಅವನೇ ಸೇರಿಸುತ್ತಾನೆ. ಆಸ್ಥಾನದ ಪಾದ್ರಿಗೂ ಇಲ್ಲಿ ಬರೆಯುವ ಕೈ ಸ್ವಲ್ಪ ತಡೆದಿದೆ.

ಗಿಸೆಲಾಳನ್ನು ಕಲ್ಲೆದೆಯವಳು ಅನ್ನುವುದು ಸುಲಭ. ಆದರೆ ಅವಳ ಕೈಯಲ್ಲಿ ಏನಿತ್ತು ನೋಡಿ. 1026ರಲ್ಲಿ ಬೇಡಿಕೊಂಡು ಮಗನನ್ನು ಉಳಿಸಿದ್ದಳು. ಈಗ ಒಬ್ಬ ಮಗ ಹೊರಗೆ, ಇನ್ನೊಬ್ಬನಿಗೆ ಅದೇ ಸೀಮೆ, ಮತ್ತೊಬ್ಬ ಮಗ ಹೆನ್ರಿಗೆ 1028ರಲ್ಲೇ ಆಕೆನ್‌ನಲ್ಲಿ ರಾಜಪಟ್ಟ ಕಟ್ಟಿಯಾಗಿದೆ. ಅವಳು ಬಾಯಿ ಬಿಟ್ಟಿದ್ದರೆ ಉಳಿದಿಬ್ಬರ ಪಟ್ಟಕ್ಕೂ ಧಕ್ಕೆ ಬರುತ್ತಿತ್ತು.

ಎರ್ನ್ಸ್ಟ್ ಮತ್ತು ವೆರ್ನರ್ ಬ್ಲ್ವಾದ ಓಡೋ ಹತ್ತಿರ ಸಹಾಯ ಕೇಳಲು ಹೋದರು. ಓಡೋಗೂ ಬರ್ಗಂಡಿಯ ಮೇಲೇ ಕಣ್ಣು. ಸಂಬಂಧದ ಲೆಕ್ಕದಲ್ಲಿ ಅವನು ಎರ್ನ್ಸ್ಟ್‌ಗಿಂತ ಹತ್ತಿರದವನು. ಪ್ರತಿಸ್ಪರ್ಧಿಗೆ ಅವನು ಯಾಕೆ ಸಹಾಯ ಮಾಡುತ್ತಾನೆ? ಬರಿಗೈಲಿ ಕಳಿಸಿದ.

ಇಬ್ಬರೂ ಕಪ್ಪು ಕಾಡಿಗೆ ಬಂದು ಫಾಲ್ಕನ್‌ಸ್ಟೈನ್ ಕೋಟೆಯ ಆಸರೆಯಲ್ಲಿ, ಸುತ್ತಮುತ್ತ ಕೊಳ್ಳೆ ಹೊಡೆದು ದಿನ ನೂಕಿದರು. ಒಂದು ದಿನ ಚಕ್ರವರ್ತಿಯ ಕಡೆಯವರು ಮೇಯಲು ಬಿಟ್ಟಿದ್ದ ಇವರ ಒಳ್ಳೊಳ್ಳೆ ಕುದುರೆಗಳನ್ನೆಲ್ಲ ಹೊಡೆದುಕೊಂಡು ಹೋದರು. ಕುದುರೆ ಇಲ್ಲದ ಯೋಧ ಆ ಕಾಲದಲ್ಲಿ ಯೋಧನೇ ಅಲ್ಲ. ಎರ್ನ್ಸ್ಟ್ ಸಿಕ್ಕ ಸಿಕ್ಕ ಕುದುರೆ ಹೊಂದಿಸಿಕೊಂಡು, ಹೀಗೆ ಬದುಕುವುದಕ್ಕಿಂತ ಸಾಯುವುದು ಮೇಲು ಅಂತ ಕಾಡಿನಿಂದ ಬಾರ್ ಬಯಲಿಗೆ ಇಳಿದ. 1030ರ ಆಗಸ್ಟ್ ಮಧ್ಯದಲ್ಲಿ ಅಲ್ಲಿ ರೈಖೆನಾವ್ ಮಠದ ಸಾಮಂತ ಮಾನೆಗೋಲ್ಡನ ದಂಡಿಗೆ ಎದುರಾದ. ಎರ್ನ್ಸ್ಟ್ ಸತ್ತ,ವೆರ್ನರ್ ಸತ್ತ, ಎದುರು ಪಕ್ಷದ ಮಾನೆಗೋಲ್ಡನೂ ಸತ್ತ. ಸತ್ತ ಮೇಲೆ ಬಹಿಷ್ಕಾರ ತೆಗೆದು ಎರ್ನ್ಸ್ಟನನ್ನು ಕಾನ್‌ಸ್ಟನ್ಸ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಮಣ್ಣು ಮಾಡಿದರು. ಸುದ್ದಿ ಕೇಳಿದ ಚಕ್ರವರ್ತಿ, ಹುಚ್ಚು ನಾಯಿಗಳ ಸಂತಾನ ಬೆಳೆಯುವುದು ಅಪರೂಪ ಅಂದನಂತೆ. ಇದನ್ನೂ ಬರೆದಿಟ್ಟವನು ವಿಪೋ. ಹೆಂಡತಿಯ ಮಗನ ಸಾವಿಗೆ ಆಡಿದ ಆ ಮಾತನ್ನು ನಾನು ಎಷ್ಟು ಸಲ ಓದಿದರೂ ಒಪ್ಪಿಕೊಳ್ಳಲು ಆಗಿಲ್ಲ.

ಕೊನೆಗೆ ಬರ್ಗಂಡಿ ಯಾರಿಗೆ?

ರುಡಾಲ್ಫ್ 1032ರ ಸೆಪ್ಟೆಂಬರ್ 6ರಂದು ತೀರಿಕೊಂಡ. ಎರ್ನ್ಸ್ಟ್ ಇನ್ನೆರಡು ವರ್ಷ ತಾಳಿದ್ದರೆ ಅವನ ಹಕ್ಕಿನ ಪ್ರಶ್ನೆ ನಿಜವಾಗಿ ಎದ್ದು ನಿಲ್ಲುತ್ತಿತ್ತು. ರುಡಾಲ್ಫನ ಕಿರೀಟ ಕಾನ್ರಾಡನ ಕೈ ಸೇರಿತು, ಆದರೆ ಸೈನ್ಯ ತೆಗೆದುಕೊಂಡು ಮೊದಲು ನುಗ್ಗಿದವನು ಓಡೋ. 1033ರ ಫೆಬ್ರವರಿ 2ರಂದು ಪಾಯೆರ್ನ್‌ನಲ್ಲಿ ಕಾನ್ರಾಡ್ ಬರ್ಗಂಡಿಯ ರಾಜನಾಗಿ ಪಟ್ಟ ಕಟ್ಟಿಸಿಕೊಂಡ. ಆಮೇಲೆ ಮುರ್ಟೆನ್ ಮುತ್ತಿಗೆ. ಆ ಚಳಿಗಾಲ ಎಷ್ಟು ಕಡುವಾಗಿತ್ತು ಅಂದರೆ ರಾತ್ರಿ ನಿಂತ ಕುದುರೆಗಳ ಕಾಲು ನೆಲದ ಮಂಜುಗಡ್ಡೆಗೆ ಅಂಟಿಕೊಂಡು, ಬೆಳಗ್ಗೆ ಕೊಡಲಿಯಿಂದ ಒಡೆದು ಬಿಡಿಸಬೇಕಾಗುತ್ತಿತ್ತು. ವಿಪೋ ಈ ಚಳಿಯ ಮೇಲೆ ಒಂದು ಪದ್ಯವನ್ನೇ ಬರೆದ. 1034ರ ಹೊತ್ತಿಗೆ ಪ್ರತಿರೋಧ ಅಡಗಿತು. ಓಡೋ 1037ರಲ್ಲಿ ಬಾರ್-ಲೆ-ದುಕ್ ಹತ್ತಿರದ ಯುದ್ಧದಲ್ಲಿ ಸತ್ತ.

ಅದೇ 1037ರ ಮೇ 28ರಂದು ಇಟಲಿಯ ಮಿಲಾನ್ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದ ಕಾನ್ರಾಡ್ ಒಂದು ಕಾಯ್ದೆ ಹೊರಡಿಸಿದ. ಸಣ್ಣ ಸಾಮಂತನ ಉಂಬಳಿಯನ್ನು ಅವನ ಸಮಾನರೇ ಕೂತು ತಪ್ಪು ಸಾಬೀತು ಮಾಡುವ ತನಕ ಯಾರೂ ಕಿತ್ತುಕೊಳ್ಳುವಂತಿಲ್ಲ. ಅವನು ಸತ್ತರೆ ಮಗನಿಗೆ, ಮಗ ಇಲ್ಲದಿದ್ದರೆ ಮಗನ ಮಗನಿಗೆ, ಅವನೂ ಇಲ್ಲದಿದ್ದರೆ ತಂದೆಯ ಕಡೆಯ ಸೋದರನಿಗೆ ಹೋಗಬೇಕು. ಇಟಲಿಗೆ ಮಾಡಿದ ಕಾಯ್ದೆ ಇದು. ಆದರೆ ಉಲ್ಮ್‌ನ ಕೌಂಟ್‌ಗಳು ಯಾವ ನಂಬಿಕೆಯಿಂದ ಡ್ಯೂಕನನ್ನು ಬಿಟ್ಟಿದ್ದರೋ ಅದೇ ಇಲ್ಲಿ ಬರಹಕ್ಕೆ ಇಳಿದಿತ್ತು. ಡ್ಯೂಕ್‌ಗಳ ಪಟ್ಟದ ಬಗ್ಗೆ ಇಂಥ ಗ್ಯಾರಂಟಿಯನ್ನು ಕಾನ್ರಾಡ್ ಯಾರಿಗೂ ಕೊಡಲಿಲ್ಲ. 1035ರಲ್ಲಿ ಕರಿಂಥಿಯಾದ ಡ್ಯೂಕ್ ಅಡಾಲ್ಬೆರೋನನ್ನೂ ಹೀಗೇ ಕಿತ್ತುಹಾಕಿದ್ದ.

ಎರ್ನ್ಸ್ಟನ ತಮ್ಮ ಹೆರ್ಮನ್ 1038ರಲ್ಲಿ ಇಟಲಿಯ ದಂಡಯಾತ್ರೆಯಲ್ಲಿ ಸಾಂಕ್ರಾಮಿಕ ರೋಗ ತಗುಲಿ ಸತ್ತ. ಸ್ವಾಬಿಯಾ ಮತ್ತೆ ಖಾಲಿಯಾಯಿತು. ಕಾನ್ರಾಡ್ ಅದನ್ನು ತನ್ನ ಮಗ ಹೆನ್ರಿಗೆ ಕೊಟ್ಟ. ಔಗ್ಸ್‌ಬುರ್ಗ್‌ನಲ್ಲಿ ಅಣ್ಣನಿಗಾಗಿ ಬೇಡಿಕೊಂಡ ಅದೇ ಹುಡುಗ. ಅದೇ ವರ್ಷ ಸೊಲೊಥುರ್ನ್‌ನಲ್ಲಿ ಸಭೆ ಸೇರಿಸಿ ಬರ್ಗಂಡಿಯ ದೊಡ್ಡವರಿಂದ ಹೆನ್ರಿಗೆ ನಿಷ್ಠೆಯ ಪ್ರಮಾಣ ಮಾಡಿಸಿದರು. ಹನ್ನೊಂದು ವರ್ಷದ ಹಿಂದೆ ಎರ್ನ್ಸ್ಟ್ ಕೋಟೆ ಕಟ್ಟಲು ಹೋಗಿ ಓಡಿಬಂದದ್ದು ಇದೇ ಊರಿನ ಹತ್ತಿರದಿಂದ. ಬರ್ಗಂಡಿಯವರು ಹೆನ್ರಿಯನ್ನು ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಅಪ್ಪನ ಕಡೆಯಿಂದ ಅವನಿಗೆ ಸಿಂಹಾಸನದ ಹಕ್ಕಿತ್ತು. ತಾಯಿಯ ಕಡೆಯಿಂದ ಅವನು ರುಡಾಲ್ಫನ ಸೋದರಿಯ ಮಗಳ ಮಗ, ಎರ್ನ್ಸ್ಟ್ ಯಾವ ಸಂಬಂಧ ಹೇಳಿಕೊಂಡು ಮೂರು ಸಲ ದಂಗೆ ಎದ್ದಿದ್ದನೋ ಅದೇ ಸಂಬಂಧ.